ಓದುಗರ ಪ್ರಶ್ನೆ: ಖುಲಾಸೆ ಆಯಿತು, ಬಿಡುಗಡೆ ಆಗಲಿಲ್ಲ

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ಇದ್ದ ಫ್ರೀಡಂ ಪಾರ್ಕಿನ ಬಗ್ಗೆ ಬರೆಯುತ್ತಾ ಒಂದು ಸಾಲು ಸೇರಿಸಿದ್ದೆ. ಇನ್ನೂರೈವತ್ತು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ಕೋರ್ಟು "ನೀನು ತಪ್ಪಿತಸ್ಥ ಅಲ್ಲ" ಅಂತ ಹೇಳಿದ ಮೇಲೂ ಮನುಷ್ಯ ಜೈಲಿನಿಂದ ಹೊರಗೆ ಬರುತ್ತಾನೆ ಅನ್ನುವ ಗ್ಯಾರಂಟಿ ಇರಲಿಲ್ಲ ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬಂದಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಹೆಸರು ಹಾಕಿಲ್ಲ, ಬಡಾವಣೆ ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ಹೋದ ಭಾನುವಾರ ಮೊಮ್ಮಗಳನ್ನು ಫ್ರೀಡಂ ಪಾರ್ಕಿಗೆ ಕರಕೊಂಡು ಹೋಗಿದ್ದೆ. "ತಾತ, ಇಲ್ಲಿ ಯಾಕೆ ಜನರನ್ನ ಹಾಕ್ತಿದ್ರು?" ಅಂತ ಕೇಳಿದಳು. ತಪ್ಪು ಮಾಡಿದವರಿಗೆ ಶಿಕ್ಷೆ ಕೊಡೋಕೆ ಅಂದೆ. ಖುಲಾಸೆಯಾದವನನ್ನೂ ಬಿಡುತ್ತಿರಲಿಲ್ಲ ಅಂತ ನೀವು ಬರೆದಿದ್ದೀರಿ. ಅದು ಹೇಗೆ ಸಾಧ್ಯ?
(ನಿವೃತ್ತ ಬ್ಯಾಂಕ್ ನೌಕರರು, ಜಯನಗರ)

ಉತ್ತರ: ಸರ್, ಮೊಮ್ಮಗಳಿಗೆ ನೀವು ಹೇಳಿದ್ದು ಇವತ್ತಿನ ಮಟ್ಟಿಗೆ ಸರಿ. ಆಗಿನ ಇಂಗ್ಲೆಂಡಿನಲ್ಲಿ ಜೈಲು ಬಹುಪಾಲು ಕಾಯಿಸುವ ಜಾಗ ಆಗಿತ್ತು. ಶಿಕ್ಷೆ ಅಂದರೆ ನೇಣು, ಛಡಿಯೇಟು, ದಂಡ, ಇಲ್ಲವೇ ಹಡಗು ಹತ್ತಿಸಿ ಅಮೆರಿಕಕ್ಕೆ ಸಾಗಹಾಕುವುದು. ವಿಚಾರಣೆಯ ದಿನ ಬರುವವರೆಗೆ, ನೇಣಿನ ದಿನ ಬರುವವರೆಗೆ, ಹಡಗು ಹೊರಡುವವರೆಗೆ ಜನರನ್ನು ಕೂಡಿಹಾಕೋಕೆ ಒಂದು ಜಾಗ ಬೇಕಿತ್ತು, ಅಷ್ಟೇ. ಹಳೇ ಕೋಟೆಯ ನೆಲಮಾಳಿಗೆ ಆದರೂ ಆಯಿತು, ಊರಬಾಗಿಲ ಮೇಲಿನ ಕೋಣೆ ಆದರೂ ಆಯಿತು. ಕೆಲವು ಜೈಲುಗಳು ಖಾಸಗಿ ಆಸ್ತಿ. ಈಲಿ ಅನ್ನುವ ಊರಿನ ಜೈಲು ಅಲ್ಲಿನ ಬಿಷಪ್‌ಗೆ ಸೇರಿತ್ತು. ಕಟ್ಟಡ ಗಟ್ಟಿ ಇಲ್ಲ, ಕೈದಿ ಓಡಿಹೋದಾನು ಅಂತ ಅಲ್ಲಿ ಜನರನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಸರಪಳಿ ಬಿಗಿದು, ಕುತ್ತಿಗೆಗೆ ಮುಳ್ಳಿರುವ ಕಬ್ಬಿಣದ ಪಟ್ಟಿ ಹಾಕಿ, ಕಾಲಿನ ಮೇಲೆ ಭಾರದ ಕಂಬಿ ಇಡುತ್ತಿದ್ದರು. ಗೋಡೆ ಗಟ್ಟಿ ಮಾಡಿಸುವ ಬದಲು ಮನುಷ್ಯರನ್ನೇ ನೆಲಕ್ಕೆ ಕಟ್ಟಿದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜೈಲರ್‌ಗೆ ಸಂಬಳ ಇರಲಿಲ್ಲ. ಅವನ ಹೊಟ್ಟೆಪಾಡು ಕೈದಿಗಳ ಜೇಬಿನಿಂದಲೇ ನಡೆಯಬೇಕು. ಒಳಗೆ ಬಂದರೆ ಇಷ್ಟು, ಹಾಸಿಗೆ ಬೇಕಾದರೆ ಇಷ್ಟು, ಕಾಲಿನ ಬೇಡಿ ಹಗುರ ಮಾಡಿಸಿಕೊಳ್ಳಲು ಇಷ್ಟು, ಹೊರಗೆ ಹೋಗಬೇಕಾದರೆ ಇಷ್ಟು. ಎಷ್ಟೋ ಕಡೆ ಒಳಗೆ ಬಿಯರ್ ಮಾರುತ್ತಿದ್ದವನೂ ಅವನೇ. ಹಳೇ ಕೈದಿಗಳ ಮಾಮೂಲು ಬೇರೆ. ಹೊಸಬ ಕಾಲಿಟ್ಟ ಕೂಡಲೇ "ದುಡ್ಡು ಕೊಡು, ಇಲ್ಲಾ ಬಟ್ಟೆ ಬಿಚ್ಚು" ಅನ್ನುತ್ತಿದ್ದರು. ದುಡ್ಡಿಲ್ಲದವನು ಚಳಿಯಲ್ಲಿ ಮೈಮೇಲಿನ ಕೋಟು ಬಿಚ್ಚಿ ಕೊಟ್ಟು ಹುಲ್ಲಿನ ಮೇಲೆ ಮಲಗಬೇಕು, ಆ ಹುಲ್ಲೂ ಸಿಕ್ಕರೆ.

ಬೆಡ್‌ಫರ್ಡ್ ಊರಿನ ಜೈಲಿನಲ್ಲಿ ಬಿಡುಗಡೆಗೆ ಜೈಲರ್‌ಗೆ 15 ಶಿಲ್ಲಿಂಗ್ 4 ಪೆನ್ಸ್ ಕೊಡಬೇಕಿತ್ತು, ಬೀಗ ತೆಗೆಯುವವನಿಗೆ 2 ಶಿಲ್ಲಿಂಗ್. ಕೂಲಿ ಮಾಡುವವನಿಗೆ ಅದು ಎರಡು ವಾರಕ್ಕೂ ಜಾಸ್ತಿ ದುಡಿಮೆಯ ದುಡ್ಡು. ಈಗ ಯೋಚನೆ ಮಾಡಿ. ಒಬ್ಬ ಕೂಲಿಯವನ ಮೇಲೆ ಕಳ್ಳತನದ ಆಪಾದನೆ ಬಂತು. ಕೆಲವು ತಿಂಗಳು ಒಳಗಿದ್ದ. ದುಡಿಮೆ ಇಲ್ಲ. ಜ್ಯೂರಿ "ಇವನು ನಿರಪರಾಧಿ" ಅಂತು. ದೂರು ಕೊಟ್ಟವನು ಕೋರ್ಟಿಗೆ ಬರದೇ ಇದ್ದರೂ ಕೇಸು ಬಿದ್ದುಹೋಗುತ್ತಿತ್ತು. ಆದರೆ ಬಾಗಿಲು ತೆಗೆಯಲು 17 ಶಿಲ್ಲಿಂಗ್ 4 ಪೆನ್ಸ್ ಬೇಕು. ಅದು ಎಲ್ಲಿಂದ ಬರಬೇಕು? ಮತ್ತೆ ಒಳಗೆ. ಇದು ಕದ್ದುಮುಚ್ಚಿ ನಡೆಯುತ್ತಿದ್ದ ಲಂಚ ಅಲ್ಲ, ಸರ್. ಎಲ್ಲರೂ ಒಪ್ಪಿಕೊಂಡಿದ್ದ ಪದ್ಧತಿ. ನನಗೆ ಇದೇ ಜಾಸ್ತಿ ಸಂಕಟ ಕೊಡುವುದು.

ಪ್ರಶ್ನೆ: ನಾನು ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರಿ, ಉದ್ರಿ ಕೊಟ್ಟು ಕೈ ಸುಟ್ಟುಕೊಂಡವನು. ಅಲ್ಲಿ ಸಾಲ ತೀರಿಸದವರನ್ನು ಜೈಲಿಗೆ ಹಾಕಿಸುತ್ತಿದ್ದರಂತೆ. ಒಳಗೆ ಹಾಕಿದರೆ ಅವನು ದುಡಿಯೋದು ಹೇಗೆ, ಸಾಲ ತೀರಿಸೋದು ಹೇಗೆ? ಅಷ್ಟೂ ಹೊಳೆಯಲಿಲ್ವಾ ಅವರಿಗೆ?
(ಚಿಕ್ಕಪೇಟೆ)

ಉತ್ತರ: ಹೊಳೆದವರಿಗೆ ಹೊಳೆದಿತ್ತು. ಆದರೆ ಸಾಲ ಕೊಟ್ಟವರ ಲೆಕ್ಕ ಬೇರೆ ಇತ್ತು. ಇವನ ಹತ್ತಿರ ಇಲ್ಲದಿದ್ದರೆ ಏನಂತೆ, ಇವನ ಅಣ್ಣನೋ ಮಾವನೋ ಮರ್ಯಾದೆಗೆ ಅಂಜಿ ಕಟ್ಟುತ್ತಾರೆ ಅನ್ನುವ ಲೆಕ್ಕ. ಕಟ್ಟದಿದ್ದರೆ ಸಾಲಗಾರ ವರ್ಷಗಟ್ಟಲೆ ಅಲ್ಲೇ. 1776ರಲ್ಲಿ ಜಾನ್ ಹೊವಾರ್ಡ್ ಅನ್ನುವವನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳನ್ನು ಸುತ್ತಿ ಕೈದಿಗಳನ್ನು ಎಣಿಸಿದ. ಒಟ್ಟು 4,084 ಜನ. ಅದರಲ್ಲಿ 2,437 ಜನ ಸಾಲಗಾರರು. ಅಂದರೆ ಅರ್ಧಕ್ಕಿಂತ ಜಾಸ್ತಿ ಮಂದಿ ಯಾರನ್ನೂ ಹೊಡೆದವರಲ್ಲ, ಏನನ್ನೂ ಕದ್ದವರಲ್ಲ. ಎಷ್ಟೋ ಸಾಲಗಾರರ ಜೊತೆ ಹೆಂಡತಿ ಮಕ್ಕಳೂ ಒಳಗೇ ಇರುತ್ತಿದ್ದರು, ಹೊರಗೆ ಬಾಡಿಗೆ ಕಟ್ಟಲು ಗತಿ ಇಲ್ಲದೆ.

ಲಂಡನ್ನಿನ ಫ್ಲೀಟ್ ಜೈಲಿನ ಕಥೆ ಹೇಳಲೇಬೇಕು. 1728ರಲ್ಲಿ ಥಾಮಸ್ ಬ್ಯಾಂಬ್ರಿಜ್ ಅನ್ನುವವನು ಆ ಜೈಲಿನ ಮೇಲಧಿಕಾರಿಯ ಹುದ್ದೆಯನ್ನು ಪಾಲುದಾರನ ಜೊತೆ ಸೇರಿ 5,000 ಪೌಂಡ್ ಕೊಟ್ಟು ಕೊಂಡುಕೊಂಡ. ನಮ್ಮಲ್ಲಿ ಅಂಗಡಿ ಗುತ್ತಿಗೆ ಹಿಡಿಯುವ ಹಾಗೆ. ಹಾಕಿದ ಬಂಡವಾಳ ವಾಪಸ್ ಬರಬೇಕಲ್ವಾ? ರಾಬರ್ಟ್ ಕ್ಯಾಸ್ಟೆಲ್ ಅನ್ನುವ ವಾಸ್ತುಶಿಲ್ಪಿ ಸಾಲ ಮಾಡಿಕೊಂಡು ಅವನ ಕೈಗೆ ಸಿಕ್ಕ. ಕೇಳಿದ ದುಡ್ಡು ಕೊಡಲಾಗಲಿಲ್ಲ. ಸಿಡುಬು ಹರಡಿದ್ದ ಮನೆಯೊಂದರಲ್ಲಿ ಅವನನ್ನು ಇಟ್ಟರು. ನನಗೆ ಇನ್ನೂ ಸಿಡುಬು ಬಂದಿಲ್ಲ, ಬೇರೆ ಕಡೆ ಹಾಕಿ ಅಂತ ಅಂಗಲಾಚಿದ. ಕೇಳಲಿಲ್ಲ. ಸಿಡುಬು ಬಂದು ಅಲ್ಲೇ ಸತ್ತ. ಅವನ ಗೆಳೆಯ ಜೇಮ್ಸ್ ಓಗ್ಲ್‌ಥಾರ್ಪ್ ಪಾರ್ಲಿಮೆಂಟಿನ ಸದಸ್ಯ. ಸುಮ್ಮನೆ ಕೂರಲಿಲ್ಲ, 1729ರಲ್ಲಿ ತನಿಖಾ ಸಮಿತಿ ಮಾಡಿಸಿದ. ಮಾರ್ಷಲ್‌ಸೀ ಅನ್ನುವ ಇನ್ನೊಂದು ಸಾಲಗಾರರ ಜೈಲಿನಲ್ಲಿ ಬೇಸಿಗೆ ಹತ್ತಿರ ಬಂದಾಗ ದಿನಕ್ಕೆ ಎಂಟು ಹತ್ತು ಜನ ಹಸಿವಿನಿಂದ ಸಾಯುತ್ತಿದ್ದಾರೆ ಅಂತ ಆ ಸಮಿತಿಗೆ ಗೊತ್ತಾಯಿತು. ಬ್ಯಾಂಬ್ರಿಜ್ ಮೇಲೆ ಕೊಲೆ ಕೇಸು ನಡೆಯಿತು. ಖುಲಾಸೆಯಾದ.

ನೂರು ವರ್ಷದ ಹತ್ತಿರ ಕಳೆದರೂ ಈ ಪದ್ಧತಿ ಹೋಗಿರಲಿಲ್ಲ. 1824ರಲ್ಲಿ ಅದೇ ಮಾರ್ಷಲ್‌ಸೀ ಹೆಸರಿನ ಜೈಲಿಗೆ 40 ಪೌಂಡ್ 10 ಶಿಲ್ಲಿಂಗ್ ಸಾಲಕ್ಕೆ ಹೋದ ಒಬ್ಬರ ಮಗನಿಗೆ ಆಗ ಹನ್ನೆರಡು ವರ್ಷ. ಓದು ಬಿಡಿಸಿ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಕ್ಕೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದ್ದರು. ಆ ಹುಡುಗನೇ ಮುಂದೆ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸ್. ಸಾಲಕ್ಕೆ ಜೈಲು ಅನ್ನುವುದು ಬಹುಮಟ್ಟಿಗೆ ನಿಂತದ್ದು 1869ರ ಕಾನೂನಿನಿಂದ.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. "ಜೈಲು ಜ್ವರ" ಅಂತ ಒಂದು ಕಾಯಿಲೆ ಇತ್ತು ಅಂತ ಕ್ಲಾಸಿನಲ್ಲಿ ಹೇಳಿದರು. ಅದು ಯಾವುದು ಮೇಡಂ?
(ಕೆಂಗೇರಿ)

ಉತ್ತರ: ಅದು ಟೈಫಸ್ ಮಗು. ಟೈಫಾಯಿಡ್ ಅಲ್ಲ, ಎರಡೂ ಬೇರೆ. ಬಟ್ಟೆಯಲ್ಲಿ ಸೇರಿಕೊಳ್ಳುವ ಹೇನಿನಿಂದ ಹರಡುತ್ತದೆ. ಒಂದೇ ಕೋಣೆಯಲ್ಲಿ ಹತ್ತಾರು ಜನ, ತಿಂಗಳುಗಟ್ಟಲೆ ಅದೇ ಬಟ್ಟೆ, ಸ್ನಾನ ಇಲ್ಲ, ಹಾಸಿದ ಹುಲ್ಲು ಕೊಳೆಯುವವರೆಗೂ ಬದಲಾಯಿಸುವುದಿಲ್ಲ. ಹೇನಿಗೆ ಇನ್ನೇನು ಬೇಕು? ಆದರೆ ಹೇನಿನ ವಿಷಯ ಚಾರ್ಲ್ಸ್ ನಿಕೋಲ್ ಕಂಡುಹಿಡಿದದ್ದು 1909ರಲ್ಲಿ. ಅಲ್ಲಿಯವರೆಗೆ ಕೆಟ್ಟ ಗಾಳಿಯಿಂದ ಬರುತ್ತೆ ಅಂತ ನಂಬಿದ್ದರು.

ಕೈದಿಗಳನ್ನು ವಿಚಾರಣೆಗೆ ಕರೆತಂದಾಗ ಜ್ವರವೂ ಜೊತೆಗೆ ಬರುತ್ತಿತ್ತು. 1577ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ವಿಚಾರಣೆಯ ನಂತರ ಸುಮಾರು 300 ಜನ ಸತ್ತರು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಮೇಯರ್, ಇಬ್ಬರು ನ್ಯಾಯಾಧೀಶರು ಸೇರಿದಂತೆ 50ಕ್ಕೂ ಹೆಚ್ಚು ಜನ ಸತ್ತರು. ಜಡ್ಜುಗಳು ಸತ್ತ ಮೇಲೆ ಪಕ್ಕದ ನ್ಯೂಗೇಟ್ ಜೈಲಿನ ಚಾವಣಿ ಮೇಲೆ ಗಾಳಿಗಿರಣಿ ಕೂರಿಸಿ ಒಳಗಿನ ಗಾಳಿ ಎಳೆದು ಹಾಕುವ ವ್ಯವಸ್ಥೆ ಮಾಡಿದರು. ಅದಕ್ಕೂ ಮೊದಲು ಒಳಗೆ ಎಷ್ಟು ಕೈದಿಗಳು ಸತ್ತಿದ್ದರೋ, ಅದಕ್ಕೆ ಯಾರೂ ಗಿರಣಿ ಕಟ್ಟಿರಲಿಲ್ಲ. 1773 ಮತ್ತು 1774ರಲ್ಲಿ ದೇಶದಲ್ಲಿ ನೇಣಿಗೆ ಹೋದವರಿಗಿಂತ ಜೈಲು ಜ್ವರಕ್ಕೆ ಹೋದವರೇ ಜಾಸ್ತಿ ಅಂತ ಹೊವಾರ್ಡ್ ಲೆಕ್ಕ ಹಾಕಿದ್ದಾನೆ.

ಇನ್ನೊಂದು ವಿಷಯ, ನೀನು ನರ್ಸ್ ಆಗುವವಳು ಅಂತ ಹೇಳುತ್ತಿದ್ದೇನೆ. ಆಗ ಇಂಗ್ಲೆಂಡಿನಲ್ಲಿ ಕಿಟಕಿಗೆ ತೆರಿಗೆ ಇತ್ತು. ಕಟ್ಟಡಕ್ಕೆ ಎಷ್ಟು ಕಿಟಕಿಯೋ ಅಷ್ಟು ತೆರಿಗೆ. ಜೈಲಿನ ಕಿಟಕಿಗಳ ತೆರಿಗೆ ಜೈಲರ್ ಕಟ್ಟಬೇಕಿತ್ತು. ಅವನು ಕಿಟಕಿಗಳನ್ನೇ ಮುಚ್ಚಿಸಿಬಿಡುತ್ತಿದ್ದ. ಅಲ್ಲೂ ದುಡ್ಡಿನ ಮಾತೇ, ನೋಡು.

ಪ್ರಶ್ನೆ: ಈ ಹೊವಾರ್ಡ್ ಯಾರು? ಇಷ್ಟೆಲ್ಲ ಅವನಿಗೆ ಯಾಕೆ ಬೇಕಿತ್ತು? ಪಾದ್ರಿಯೋ, ವಕೀಲನೋ?
(ವಕೀಲರು, ಸಂಪಂಗಿರಾಮನಗರ)

ಉತ್ತರ: ಎರಡೂ ಅಲ್ಲ ಸರ್, ಜಮೀನುದಾರ. 1726ರಲ್ಲಿ ಹುಟ್ಟಿದವನು, ಅನುಕೂಲಸ್ಥ, ದೈವಭಕ್ತ, ಕಟ್ಟುನಿಟ್ಟಿನ ಮನುಷ್ಯ. ವಯಸ್ಸಿನಲ್ಲಿದ್ದಾಗ ಲಿಸ್ಬನ್‌ಗೆ ಹೋಗುವ ದಾರಿಯಲ್ಲಿ ಅವನ ಹಡಗನ್ನು ಫ್ರೆಂಚರು ಹಿಡಿದು ಕೆಲವು ದಿನ ಸೆರೆಯಲ್ಲಿಟ್ಟಿದ್ದರು. ಅನ್ನ ನೀರಿಲ್ಲದೆ ಕಲ್ಲಿನ ನೆಲದ ಮೇಲೆ ಮಲಗಿದ ನೆನಪು ಅವನಿಗೆ ಇತ್ತು.

1773ರಲ್ಲಿ ಅವನನ್ನು ಬೆಡ್‌ಫರ್ಡ್ ಜಿಲ್ಲೆಯ ಹೈ ಶೆರಿಫ್ ಮಾಡಿದರು. ಜಿಲ್ಲೆಯ ಜೈಲು ಶೆರಿಫ್ ಸುಪರ್ದಿಗೆ ಬರುತ್ತಿತ್ತು. ಹಿಂದಿನವರು ಅದನ್ನು ಬರೀ ಗೌರವದ ಹುದ್ದೆ ಅಂತ ತಿಳಿದಿದ್ದರು. ಇವನು ಹೋಗಿ ನೋಡಿದ. ಖುಲಾಸೆಯಾದವರನ್ನು ಫೀಸು ಕಟ್ಟಿಲ್ಲ ಅಂತ ಮತ್ತೆ ಒಳಗೆ ತಳ್ಳುತ್ತಿದ್ದರು. ಜಿಲ್ಲೆಯ ನ್ಯಾಯಾಧಿಕಾರಿಗಳ ಹತ್ತಿರ ಹೋಗಿ, ಜೈಲರ್‌ಗೆ ಸಂಬಳ ಕೊಡಿ, ಈ ಫೀಸು ನಿಲ್ಲಿಸಿ ಅಂದ. ಅವರು, ಆಗಲಿ, ಬೇರೆ ಯಾವ ಜಿಲ್ಲೆಯಲ್ಲಾದರೂ ಹೀಗೆ ಕೊಡುತ್ತಿದ್ದರೆ ತೋರಿಸಿ, ನಾವೂ ಕೊಡುತ್ತೇವೆ ಅಂದರು. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ಉತ್ತರ ಚೆನ್ನಾಗಿ ಗೊತ್ತು. ಬೇರೆಯವರಾಗಿದ್ದರೆ ಮನೆಗೆ ಹೋಗುತ್ತಿದ್ದರು. ಹೊವಾರ್ಡ್ ಕುದುರೆ ಹತ್ತಿ ಪಕ್ಕದ ಜಿಲ್ಲೆಗೆ ಹೋದ. ಅಲ್ಲೂ ಅದೇ ಪದ್ಧತಿ. ಅದರ ಪಕ್ಕದ ಜಿಲ್ಲೆಗೆ ಹೋದ. ಹಾಗೆ ಶುರುವಾದ ಸುತ್ತಾಟ ಅವನ ಜೀವ ಹೋಗುವವರೆಗೂ ನಿಲ್ಲಲಿಲ್ಲ. ಇಂಗ್ಲೆಂಡು ಮುಗಿಸಿ ಯುರೋಪಿನ ಜೈಲುಗಳನ್ನೂ ನೋಡಿದ, ಒಟ್ಟು 40,000 ಮೈಲಿಗೂ ಹೆಚ್ಚು.

ಅವನು ಭಾಷಣ ಮಾಡುತ್ತಿರಲಿಲ್ಲ. ಒಳಗೆ ಹೋಗಿ ಅಳೆಯುತ್ತಿದ್ದ. ಕೋಣೆ ಎಷ್ಟು ಅಡಿ ಉದ್ದ, ಎಷ್ಟು ಅಗಲ, ನೀರಿದೆಯೋ ಇಲ್ಲವೋ, ದಿನಕ್ಕೆ ಎಷ್ಟು ಬ್ರೆಡ್ಡು, ಫೀಸು ಎಷ್ಟು, ಎಷ್ಟು ಜನ, ಯಾವ ಕಾರಣಕ್ಕೆ. ಎಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆ ಪುಸ್ತಕದ ಬಗ್ಗೆ ಅವನೇ ಹೇಳಿರುವ ಮಾತನ್ನು ನಾನು ಮರೆಯಲಾರೆ. ಜೈಲಿನ ವಾಸನೆ ಅದರ ಹಾಳೆಗಳಿಗೆ ಎಷ್ಟು ಹತ್ತಿಕೊಳ್ಳುತ್ತಿತ್ತು ಅಂದರೆ, ಬೆಂಕಿಯ ಮುಂದೆ ಒಂದೆರಡು ಗಂಟೆ ಹರಡಿ ಇಟ್ಟ ಮೇಲೇ ಮತ್ತೆ ಕೈಗೆ ತೆಗೆದುಕೊಳ್ಳಲು ಆಗುತ್ತಿತ್ತಂತೆ. ಬಟ್ಟೆ ನಾರುತ್ತಿದ್ದ ಕಾರಣ ಮುಚ್ಚಿದ ಗಾಡಿಯಲ್ಲಿ ಕೂರಲು ಆಗದೆ ಮಳೆ ಚಳಿ ಅನ್ನದೆ ಕುದುರೆ ಮೇಲೇ ಹೋಗುತ್ತಿದ್ದ. ಮೂಗಿಗೆ ಹಿಡಿಯಲು ಒಂದು ಸೀಸೆ ವಿನಿಗರ್ ಇಟ್ಟುಕೊಂಡಿದ್ದ. ನಾಲ್ಕಾರು ಜೈಲು ನೋಡುವಷ್ಟರಲ್ಲಿ ಆ ವಿನಿಗರೇ ಮೂಸಲಾಗದ ಹಾಗೆ ಆಗುತ್ತಿತ್ತಂತೆ. ಮನುಷ್ಯರು ಉಸಿರಾಡುತ್ತಿದ್ದ ಗಾಳಿ ಅದು. ನಾರ್ಸ್‌ಬರೋ ಅನ್ನುವ ಊರಿನಲ್ಲಿ ಸಾಲಗಾರರನ್ನು ಹಾಕುವ ಒಂದೇ ಕೋಣೆ, ಒಳಗೇ ತೆರೆದ ಚರಂಡಿ. ಹಿಂದೆ ಅಲ್ಲಿದ್ದ ಒಬ್ಬ ಸೇನಾಧಿಕಾರಿ ಇಲಿಗಳ ಕಾಟಕ್ಕೆ ನಾಯಿಯನ್ನು ಜೊತೆಗೆ ಕರಕೊಂಡು ಹೋಗಿದ್ದನಂತೆ. ಇಲಿಗಳು ನಾಯಿಯನ್ನೇ ಮುಗಿಸಿ ಅವನ ಮುಖವನ್ನೂ ಕಚ್ಚಿ ಹಾಳು ಮಾಡಿದ್ದವು ಅಂತ ಹೊವಾರ್ಡ್‌ಗೆ ಅಲ್ಲಿಯವರು ಹೇಳಿದರು.

1774ರಲ್ಲಿ ಪಾರ್ಲಿಮೆಂಟು ಅವನನ್ನು ಕರೆಸಿ ಕೇಳಿತು. ಅದೇ ವರ್ಷ ಎರಡು ಕಾನೂನು ಬಂದವು. ಒಂದು, ಖುಲಾಸೆಯಾದವರನ್ನು ತೆರೆದ ಕೋರ್ಟಿನಲ್ಲೇ ಫೀಸಿಲ್ಲದೆ ಬಿಡಬೇಕು. ಇನ್ನೊಂದು, ವರ್ಷಕ್ಕೊಮ್ಮೆಯಾದರೂ ಗೋಡೆ ಕೆರೆದು ಸುಣ್ಣ ಹೊಡೆಸಬೇಕು, ಗಾಳಿ ಆಡಬೇಕು, ಕಾಯಿಲೆಯವರಿಗೆ ಬೇರೆ ಕೋಣೆ ಬೇಕು, ವೈದ್ಯ ಇರಬೇಕು. ಹೊವಾರ್ಡ್ ಆ ಕಾನೂನುಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಜೈಲರ್‌ಗಳಿಗೆ ಕಳಿಸಿದ. ಆಮೇಲೆ ಮತ್ತೆ ಹೋಗಿ ನೋಡಿದ. ಎಷ್ಟೋ ಕಡೆ ಏನೂ ಮಾಡಿರಲಿಲ್ಲ. ಅದನ್ನೂ ಬರೆದ. 1777ರಲ್ಲಿ ಎಲ್ಲ ಸೇರಿಸಿ ಜೈಲುಗಳ ಸ್ಥಿತಿಗತಿ ಅಂತ ಪುಸ್ತಕ ಮಾಡಿದ. ವಕೀಲರೇ, ನಿಮಗೆ ಇಷ್ಟ ಆಗುವಂಥ ಪುಸ್ತಕ, ಪುಟ ಪುಟವೂ ಸಾಕ್ಷಿ.

ಪ್ರಶ್ನೆ: ಅಮೆರಿಕ ಸ್ವತಂತ್ರ ಆದ ಮೇಲೆ ಕೈದಿಗಳನ್ನು ಎಲ್ಲಿಗೆ ಕಳಿಸಿದರು?
(ಪಿಯು ವಿದ್ಯಾರ್ಥಿ, ಯಲಹಂಕ)

ಉತ್ತರ: ಅಲ್ಲಿ ಯುದ್ಧ ಶುರುವಾದ ಕೂಡಲೇ ಆ ದಾರಿ ಮುಚ್ಚಿತು. 1776ರಿಂದ ಥೇಮ್ಸ್ ನದಿಯಲ್ಲಿ ನಿಲ್ಲಿಸಿದ ಹಳೇ ಹಡಗುಗಳಲ್ಲಿ ತುಂಬಿದರು. ತಾತ್ಕಾಲಿಕ ಅಂದಿದ್ದರು, 1857ರವರೆಗೂ ನಡೆಯಿತು. 1787ರಲ್ಲಿ ಮೊದಲ ತಂಡವನ್ನು ಆಸ್ಟ್ರೇಲಿಯಕ್ಕೆ ಕಳಿಸಿದರು. 1868ರ ಹೊತ್ತಿಗೆ ಹೀಗೆ ಹೋದವರು 1,60,000ಕ್ಕೂ ಹೆಚ್ಚು.

ಪ್ರಶ್ನೆ: ಮೇಡಂ, ನಮ್ಮ ಮಹಿಳಾ ಸಂಘದಲ್ಲಿ ಎಲಿಜಬೆತ್ ಫ್ರೈ ಬಗ್ಗೆ ಮಾತು ಬಂತು. ಬ್ರಿಟಿಷ್ ನೋಟಿನ ಮೇಲೆ ಇದ್ದವರಲ್ವಾ? ಹೆಣ್ಣು ಕೈದಿಗಳ ಪರಿಸ್ಥಿತಿ ಹೇಗಿತ್ತು?
(ಮಲ್ಲೇಶ್ವರಂ)

ಉತ್ತರ: ಹೌದು, 5 ಪೌಂಡ್ ನೋಟಿನ ಮೇಲೆ ಕೆಲವು ವರ್ಷ ಆಕೆಯ ಚಿತ್ರ ಇತ್ತು. ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಶ್ರೀಮಂತ ಮನೆಯ ಹೆಣ್ಣುಮಗಳು, ಹನ್ನೊಂದು ಮಕ್ಕಳ ತಾಯಿ. 1813ರ ಚಳಿಗಾಲದಲ್ಲಿ ಮೊದಲ ಸಲ ನ್ಯೂಗೇಟ್ ಜೈಲಿನ ಹೆಂಗಸರ ವಿಭಾಗಕ್ಕೆ ಹೋದಳು. ಎರಡು ವಾರ್ಡು, ಎರಡು ಕೋಣೆ. ಅದರಲ್ಲಿ ಸುಮಾರು 300 ಹೆಂಗಸರು, ಜೊತೆಗೆ ಅವರ ಮಕ್ಕಳು. ಶಿಕ್ಷೆ ಆದವರು, ಆಗದವರು, ನೇಣಿಗೆ ಕಾಯುತ್ತಿದ್ದವರು ಎಲ್ಲ ಒಟ್ಟಿಗೆ. ಅಡುಗೆ, ಬಟ್ಟೆ ಒಗೆಯುವುದು, ನಿದ್ದೆ ಎಲ್ಲ ಅದೇ ನೆಲದ ಮೇಲೆ. ಒಳಗೆ ಹೋಗಬೇಡಿ ಅಂತ ಆಕೆಗೆ ಜೈಲಿನವರೇ ಹೇಳಿದ್ದರು. ಆಕೆ ಹೋದಳು. ಮೊದಲು ಕೂಸುಗಳಿಗೆ ಬೆಚ್ಚನೆಯ ಬಟ್ಟೆ ಕೊಟ್ಟಳು.

1816ರ ಕೊನೆಯಲ್ಲಿ ಮತ್ತೆ ಹೋದಾಗ ಮಾಡಿದ್ದು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ. ನಿಮ್ಮ ಮಕ್ಕಳಿಗೆ ಇಲ್ಲೇ ಒಂದು ಶಾಲೆ ಮಾಡೋಣವಾ ಅಂತ ಆ ತಾಯಂದಿರನ್ನು ಕೇಳಿದಳು. ಕೇಳಿದಳು ಅನ್ನುವುದನ್ನು ಗಮನಿಸಿ. ಅಲ್ಲಿಯವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಟೀಚರ್ ಯಾರು ಅನ್ನುವುದನ್ನೂ ಅವರಿಗೇ ಬಿಟ್ಟಳು. ಮೇರಿ ಕಾನರ್ ಅನ್ನುವ ಹುಡುಗಿಯನ್ನು ಆರಿಸಿದರು. ಗಡಿಯಾರ ಕದ್ದ ಕೇಸಿನಲ್ಲಿ ಬಂದವಳು, ಸ್ವಲ್ಪ ಓದಿದ್ದಳು. 1817ರಲ್ಲಿ ಹೆಂಗಸರ ಸಮಿತಿ ಕಟ್ಟಿ ಹೊಲಿಗೆ, ಹೆಣಿಗೆ ಕೆಲಸ ಶುರು ಮಾಡಿದಾಗ ಕುಡಿತ, ಜೂಜು, ಬೈಗುಳ ಬೇಡ ಅನ್ನುವ ನಿಯಮಗಳನ್ನು ಒಂದೊಂದಾಗಿ ಓದಿ, ಒಪ್ಪಿಗೆಯಾ ಅಂತ ಕೇಳಿದರು. ಒಪ್ಪಿದವರು ಕೈ ಎತ್ತಿದರು. ಇಂಗ್ಲೆಂಡಿನ ಯಾವ ಹೆಂಗಸಿಗೂ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಇರಲಿಲ್ಲ ಆಗ. ನ್ಯೂಗೇಟಿನ ಕೈದಿ ಹೆಂಗಸರು ತಮ್ಮ ನಿಯಮಕ್ಕೆ ತಾವೇ ಕೈ ಎತ್ತಿದರು!

ಆಸ್ಟ್ರೇಲಿಯಕ್ಕೆ ಹೋಗುವ ಹೆಂಗಸರನ್ನು ಬೇಡಿ ಹಾಕಿ ತೆರೆದ ಗಾಡಿಯಲ್ಲಿ ಬಂದರಿಗೆ ಕರಕೊಂಡು ಹೋಗುತ್ತಿದ್ದರು, ದಾರಿಯುದ್ದಕ್ಕೂ ಜನ ಕೂಗಾಡಿ ಕಲ್ಲು ಕೆಸರು ಎಸೆಯುತ್ತಿದ್ದರು. ಫ್ರೈ ಹೇಳಿ ಹೇಳಿ ಮುಚ್ಚಿದ ಗಾಡಿ ಮಾಡಿಸಿದಳು. ಪ್ರತಿಯೊಬ್ಬಳಿಗೂ ಒಂದು ಚೀಲ ಕೊಡಿಸಿದಳು. ಸೂಜಿ, ದಾರ, ಕತ್ತರಿ, ಬಣ್ಣ ಬಣ್ಣದ ಬಟ್ಟೆ ಚೂರು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಕೂತು ಅವರು ಕೌದಿ ಹೊಲಿಯುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹೊಲಿಯುವ ಹಾಗೆಯೇ. 1841ರಲ್ಲಿ ರಾಜಾ ಅನ್ನುವ ಹಡಗಿನ ಹೆಂಗಸರು ಹೊಲಿದ ಒಂದು ಕೌದಿ ಇವತ್ತಿಗೂ ಕ್ಯಾನ್‌ಬೆರಾದ ಕಲಾ ಸಂಗ್ರಹಾಲಯದಲ್ಲಿದೆ, 2,815 ಚೂರುಗಳದ್ದು.

1818ರಲ್ಲಿ ಫ್ರೈ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದಳು. 1823ರ ಕಾನೂನಿನಲ್ಲಿ ಹೆಂಗಸರನ್ನು ಬೇರೆ ಇಡಬೇಕು, ಅವರಿಗೆ ಹೆಂಗಸರೇ ವಾರ್ಡರ್ ಆಗಿರಬೇಕು, ಜೈಲರ್‌ಗೆ ಸಂಬಳ ಕೊಡಬೇಕು ಅಂತ ಬಂತು. ಹೊವಾರ್ಡ್ ಕೇಳಿ ಐವತ್ತು ವರ್ಷ ಆಗಿತ್ತು.

ನಿಮ್ಮ ಸಂಘದಲ್ಲಿ ಇನ್ನೊಂದು ಹೆಸರೂ ಹೇಳಿ. ಸಾರಾ ಮಾರ್ಟಿನ್. ಗ್ರೇಟ್ ಯಾರ್ಮತ್ ಊರಿನ ಹತ್ತಿರದ ಬಡ ದರ್ಜಿ. ಮನೆ ಮನೆಗೆ ಹೋಗಿ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದವಳು. 1819ರಿಂದ ಜೈಲಿಗೆ ಹೋಗಿ ಕೈದಿಗಳಿಗೆ ಓದು, ಹೊಲಿಗೆ ಕಲಿಸಲು ಶುರು ಮಾಡಿದಳು. ಅದಕ್ಕಾಗಿ ವಾರದಲ್ಲಿ ಒಂದು ದಿನದ ದುಡಿಮೆ ಬಿಟ್ಟಳು. ಫ್ರೈ ಮನೆಯಲ್ಲಿ ಆಳುಕಾಳು ಇದ್ದರು. ಈ ಹೆಣ್ಣುಮಗಳು ಬಿಟ್ಟದ್ದು ತನ್ನ ಒಂದು ದಿನದ ಅನ್ನವನ್ನು. ನನಗೆ ಇವಳ ಮೇಲೆ ಒಂದು ಹಿಡಿ ಜಾಸ್ತಿ ಪ್ರೀತಿ.

ಪ್ರಶ್ನೆ: ಕಳ್ಳಕಾಕರ ಮೇಲೆ ಇಷ್ಟು ಕರುಣೆ ಯಾಕೆ? ನಮ್ಮ ಮನೆಗೆ ಕನ್ನ ಹಾಕಿ ಹನ್ನೆರಡು ವರ್ಷದ ಉಳಿತಾಯದ ಒಡವೆ ಹೊತ್ತುಕೊಂಡು ಹೋದರು. ಅಂಥವರು ಒಳಗೆ ಕಷ್ಟಪಟ್ಟರೆ ಪಡಲಿ.
(ನಾಗರಬಾವಿ)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಹನ್ನೆರಡು ವರ್ಷ ಕೂಡಿಟ್ಟದ್ದು ಒಂದು ರಾತ್ರಿಯಲ್ಲಿ ಹೋದರೆ ಹೊಟ್ಟೆ ಉರಿಯದೆ ಇರುತ್ತಾ? ಕದ್ದವನಿಗೆ ಶಿಕ್ಷೆ ಆಗಬೇಕು. ಹೊವಾರ್ಡೂ ಬೇಡ ಅಂದವನಲ್ಲ. ಅವನ ತಕರಾರು ಬೇರೆ. ಕೋರ್ಟು ಕೊಟ್ಟ ಶಿಕ್ಷೆ ಒಂದಾದರೆ, ಒಳಗೆ ಜ್ವರ, ಹಸಿವು, ಫೀಸು ಕೊಡುತ್ತಿದ್ದ ಶಿಕ್ಷೆ ಇನ್ನೊಂದು, ಅದನ್ನು ಯಾವ ನ್ಯಾಯಾಧೀಶನೂ ಬರೆದಿರಲಿಲ್ಲ ಅನ್ನುವುದು.

ನನ್ನದೊಂದು ಅನುಭವ ಹೇಳುತ್ತೇನೆ, ನೀವೇ ಯೋಚಿಸಿ. ನಮ್ಮ ಬೀದಿಗೆ ಬೆಳಿಗ್ಗೆ ಹೂವು ತರುವ ಒಬ್ಬರು ಅಮ್ಮ ಇದ್ದಾರೆ. ಅವರ ಮಗನನ್ನು ಒಂದು ಹೊಡೆದಾಟದ ಕೇಸಿನಲ್ಲಿ ಹಿಡಿದರು. ಜಾಮೀನು ಸಿಕ್ಕಿತು. ಆ ದಿನ ಅವರು ಮನೆಮನೆಗೂ ಒಂದು ಮೊಳ ಹೂವು ಸುಮ್ನೆ ಕೊಟ್ಟು ಹೋದರು. ಮಾರನೇ ದಿನ ಬಂದು, "ಅಕ್ಕಾ, ಶ್ಯೂರಿಟಿ ಅಂತಾರೆ, ಪಹಣಿ ಇರೋರು ಬೇಕಂತೆ, ನಮ್ಮೋರಲ್ಲಿ ಯಾರಿಗಿದೆ ಜಮೀನು?" ಅಂದರು. ಊರಿನ ಕಡೆಯ ಒಬ್ಬರನ್ನು ಒಪ್ಪಿಸಿ, ಬಸ್ ಚಾರ್ಜು ಕೊಟ್ಟು ಕರೆಸಿ, ಕಾಗದ ಸರಿ ಇಲ್ಲ ಅಂತ ವಾಪಸ್ ಕಳಿಸಿಕೊಂಡು, ಮತ್ತೆ ಕರೆಸಿ, ಹುಡುಗ ಹೊರಗೆ ಬರುವಷ್ಟರಲ್ಲಿ ಹತ್ತೊಂಬತ್ತು ದಿನ. ಕೆಲಸ ಹೋಗಿತ್ತು. ಆಮೇಲೆ ಕೇಸೂ ಬಿದ್ದುಹೋಯಿತು. ಆ ಹತ್ತೊಂಬತ್ತು ದಿನ ಅವನು ಒಳಗಿದ್ದದ್ದು ತಪ್ಪಿಗಲ್ಲ, ಪಹಣಿ ಇಲ್ಲದ್ದಕ್ಕೆ. ನಾನು ಬೆಡ್‌ಫರ್ಡಿನ 15 ಶಿಲ್ಲಿಂಗಿನ ಕಥೆ ಇಷ್ಟು ಹಚ್ಚಿಕೊಂಡದ್ದು ಅವತ್ತಿನಿಂದ.

ನಮ್ಮ ದೇಶದ ಜೈಲುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನ ಕೈದಿಗಳು, ಇನ್ನೂ ತೀರ್ಪು ಆಗದವರು. ನಿಮ್ಮ ಒಡವೆ ಕದ್ದವನೂ ಅಲ್ಲಿರಬಹುದು, ಹೂವಿನಮ್ಮನ ಮಗನಂಥವರೂ ಇರುತ್ತಾರೆ. ಇದನ್ನು ಓದುತ್ತಿರುವ ಯಾರಿಗಾದರೂ ಇಂಥ ತೊಂದರೆ ಇದ್ದರೆ ಹೇಳುತ್ತೇನೆ. 15100 ನಂಬರಿಗೆ ಫೋನ್ ಮಾಡಿದರೆ ಉಚಿತ ಕಾನೂನು ನೆರವು ಸಿಗುತ್ತದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡಿಲ್ಲದೆ ಒಳಗೆ ಉಳಿದವರಿಗೆ ನೆರವಾಗಲು ಅದೇ ವರ್ಷ ಕೇಂದ್ರ ಸರ್ಕಾರದ ಒಂದು ಯೋಜನೆಯೂ ಬಂದಿದೆ. ಆ ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಅದೇ ಬೇಜಾರು.

ಪ್ರಶ್ನೆ: ಫ್ರೀಡಂ ಪಾರ್ಕಿನ ನಡುವೆ ಇರುವ ಗೋಪುರ ಬೆಂಥಮ್ ಎಂಬಾತನ ಪ್ಲಾನಿನದ್ದು ಅಂತ ಒಬ್ಬರು ಹೇಳಿದರು. ನಿಜವಾ?
(ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಬನಶಂಕರಿ)

ಉತ್ತರ: ಹತ್ತಿರ ಇದೆ, ಆದರೆ ಅದೇ ಅಲ್ಲ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 1791ರಲ್ಲಿ ಅಚ್ಚು ಹಾಕಿಸಿದ ಜೈಲಿನ ಪ್ಲಾನಿನಲ್ಲಿ ಕೋಣೆಗಳು ಬಳೆಯ ಹಾಗೆ ಸುತ್ತ ಇರುತ್ತವೆ, ನಡುವೆ ಕಾವಲುಗಾರ. ಅವನಿಗೆ ಎಲ್ಲರೂ ಕಾಣಬೇಕು, ಅವನು ಯಾರಿಗೂ ಕಾಣಬಾರದು. ನೋಡುತ್ತಿದ್ದಾನೋ ಇಲ್ಲವೋ ಗೊತ್ತಾಗದೆ ಕೈದಿ ತನ್ನನ್ನು ತಾನೇ ಕಾಯಬೇಕು. ಬೆಂಥಮ್ ಎಷ್ಟು ಓಡಾಡಿದರೂ ಸರ್ಕಾರ ಅದನ್ನು ಕಟ್ಟಲಿಲ್ಲ. ನಮ್ಮ ಹಳೇ ಸೆಂಟ್ರಲ್ ಜೈಲಿನಲ್ಲಿ ನಡುವಿನ ಗೋಪುರದಿಂದ ಬ್ಯಾರಕ್ಕುಗಳು ಕೈಬೆರಳಿನ ಹಾಗೆ ಚಾಚಿಕೊಂಡಿವೆ. ಲಂಡನ್ನಿನಲ್ಲಿ 1842ರಲ್ಲಿ ಶುರುವಾದ ಪೆಂಟನ್‌ವಿಲ್ ಜೈಲಿನ ಜಾತಿಗೆ ಇದು ಹತ್ತಿರ.

ಆ ಪೆಂಟನ್‌ವಿಲ್ ಬಗ್ಗೆ ಓದು. ಗಾಳಿ, ಬೆಳಕು, ನೀರು ಎಲ್ಲ ಚೆನ್ನಾಗಿತ್ತು. ಹೊವಾರ್ಡ್ ಕೇಳಿದ್ದೆಲ್ಲ ಸಿಕ್ಕಿತ್ತು. 520 ಒಂಟಿ ಕೋಣೆ. ಆದರೆ ಕೈದಿ ಇನ್ನೊಬ್ಬ ಕೈದಿಯ ಮುಖ ನೋಡಬಾರದು. ಹೊರಗೆ ಬಂದರೆ ಮುಖ ಮುಚ್ಚುವ ಟೋಪಿ, ಕಣ್ಣಿಗೆ ಎರಡು ತೂತು. ಪ್ರಾರ್ಥನೆಗೆ ಕೂತರೂ ಒಬ್ಬೊಬ್ಬನಿಗೂ ಮರೆ ಇರುವ ಪೆಟ್ಟಿಗೆಯಂಥ ಜಾಗ. ಹೆಸರಿಲ್ಲ, ನಂಬರು ಮಾತ್ರ. ಒಂದೂವರೆ ವರ್ಷ ಹೀಗೆ. ಹಲವರಿಗೆ ಬುದ್ಧಿಭ್ರಮಣೆ ಆಯಿತು. ಬೇರೆ ಜೈಲುಗಳಲ್ಲಿ ತುಳಿಯುವ ಚಕ್ರ ಇತ್ತು. ವಿಲಿಯಂ ಕ್ಯೂಬಿಟ್ ಅನ್ನುವ ಎಂಜಿನಿಯರ್ ಮಾಡಿದ್ದು. ಮೆಟ್ಟಿಲಿನಂಥ ಹಲಗೆ ತುಳಿಯುತ್ತಾ ಹೋಗಬೇಕು, ಇದ್ದಲ್ಲೇ ಇರಬೇಕು. ಎಷ್ಟೋ ಕಡೆ ಅದರಿಂದ ಹಿಟ್ಟೂ ಬೀಸುತ್ತಿರಲಿಲ್ಲ, ನೀರೂ ಏರುತ್ತಿರಲಿಲ್ಲ. ಸುಧಾರಣೆ ಅಂತಲೇ ಇದನ್ನೂ ಮಾಡಿದರು, ಮಾಡಿದವರಲ್ಲಿ ಒಳ್ಳೆಯ ಜನರೂ ಇದ್ದರು. ಆದರೆ ನ್ಯೂಗೇಟಿನಲ್ಲಿ ಫ್ರೈ ಕೇಳಿದ ಹಾಗೆ ಇಲ್ಲಿ ಯಾರೂ ಕೈದಿಗಳನ್ನು ಏನೂ ಕೇಳಿರಲಿಲ್ಲ.

ಪ್ರಶ್ನೆ: ಆಂಟಿ, ನನ್ನ ಸ್ಕೂಲ್ ಪ್ರಾಜೆಕ್ಟಿಗೆ ಜಾನ್ ಹೊವಾರ್ಡ್ ತಗೊಂಡಿದ್ದೀನಿ. ಕೊನೆಗೆ ಅವರು ಏನಾದರು?
(ಎಂಟನೇ ತರಗತಿ, ವಿಜಯನಗರ)

ಉತ್ತರ: ಒಳ್ಳೆಯ ಹೆಸರು ಆರಿಸಿಕೊಂಡಿದ್ದೀಯ ಪುಟ್ಟ. ಹೊವಾರ್ಡ್ ಕೊನೆಗೆ ರಷ್ಯಾ ಸಾಮ್ರಾಜ್ಯದ ಸೈನಿಕರ ಆಸ್ಪತ್ರೆಗಳನ್ನು ನೋಡಲು ಹೋದ. ಈಗ ಉಕ್ರೇನಿನಲ್ಲಿರುವ ಖೆರ್ಸನ್ ಅನ್ನುವ ಊರಿನಲ್ಲಿ ಜ್ವರ ಬಂದು 1790ರ ಜನವರಿ 20ರಂದು ತೀರಿಕೊಂಡ. ಜೈಲು ಜ್ವರವೇ ಅಂತ ಹೇಳುತ್ತಾರೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಒಳಗೆ ಮೊಟ್ಟಮೊದಲು ನಿಲ್ಲಿಸಿದ ಪ್ರತಿಮೆ ಅವನದು. ರಾಜನದಲ್ಲ, ಸೇನಾಪತಿಯದಲ್ಲ. ಕೈಯಲ್ಲಿ ಒಂದು ಬೀಗದ ಕೈ ಇದೆ, ಕಾಲಡಿ ಬೇಡಿಗಳಿವೆ. ಆ ಫೋಟೊ ಸಿಕ್ಕಿದರೆ ಮೊದಲ ಪುಟಕ್ಕೆ ಅಂಟಿಸು. ಕೆಳಗೆ 15 ಶಿಲ್ಲಿಂಗ್ 4 ಪೆನ್ಸ್ ಅಂತ ದೊಡ್ಡದಾಗಿ ಬರಿ. ಅದೇನು ಅಂತ ಟೀಚರ್ ಕೇಳಿದಾಗ ಮೇಲಿನ ಮೊದಲನೇ ಉತ್ತರವನ್ನು ನಿನ್ನ ಮಾತಿನಲ್ಲಿ ಹೇಳು.